ಕೆಸರಿನಲ್ಲಿ ಇ-ಮೌಂಟನ್ ಬೈಕ್: ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತೆ, ಚೈನ್ ಬೇಗ ಸವೆಯುತ್ತೆ, ಚಳಿಗೆ ಬ್ಯಾಟರಿ ಇಳಿಯುತ್ತೆ. ಏನೇನು ಬದಲಿಸಬೇಕು?

ಬಟನ್‌ಟೈರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊದಲು ಬೈಕಿನ ವಿವರ: ಫುಲ್ ಸಸ್ಪೆನ್ಷನ್, ತೂಕ 24 ಕೆ.ಜಿ., ನಡುವೆ ಕೂರುವ 85 ನ್ಯೂಟನ್ ಮೀಟರ್ ಮೋಟರ್, 625 ವಾಟ್ ಅವರ್ ಬ್ಯಾಟರಿ. ಮುಂದೆ ಪೆಡಲಿನ ಹತ್ತಿರ 34 ಹಲ್ಲಿನ ಚೈನ್‌ರಿಂಗ್, ಹಿಂದಿನ ಚಕ್ರಕ್ಕೆ 10ರಿಂದ 51 ಹಲ್ಲಿನ ತನಕದ ಗಿಯರ್ ಗುಚ್ಛ, ಅಂದರೆ ಕ್ಯಾಸೆಟ್. ಎರಡೂ ಕಡೆ 2.6 ಇಂಚಿನ ಟೈರ್, ಬಟನ್ (ಟೈರ್ ಮೇಲಿನ ರಬ್ಬರ್ ಗುಬುಟು) ಗಿಡ್ಡ, ಗಾಳಿಯ ಒತ್ತಡ 28 ಪಿಎಸ್‌ಐ. ಸವಾರ, ಬ್ಯಾಗು ಸೇರಿ 82 ಕೆ.ಜಿ.

ಒಣ ನೆಲದಲ್ಲಿ ಏನೂ ತಕರಾರಿಲ್ಲ. ಚಳಿಗಾಲದ ಕೆಸರಿಗೆ ಇಳಿದರೆ ಮೋಟರ್ ಅತಿ ಹೆಚ್ಚು ತಳ್ಳುವ ಟರ್ಬೊ ಮೋಡಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತೆ, ಕಡಿಮೆ ತಳ್ಳುವ ಇಕೋಗೆ ಇಳಿಸಿದರೆ ಏರಿನ ಅರ್ಧದಲ್ಲಿ ಬೈಕು ನಿಂತುಬಿಡುತ್ತೆ. ಚೈನ್, ಬ್ರೇಕ್ ಪ್ಯಾಡ್ ಸವೆಯೋ ವೇಗ ನೋಡಿದರೆ ಭಯ ಆಗುತ್ತೆ. ಉಷ್ಣಾಂಶ 2-3 ಡಿಗ್ರಿಗೆ ಬಂದರೆ ಬ್ಯಾಟರಿಯೂ ಬೇಗ ಮುಗಿಯುತ್ತೆ. ಇನ್ನೊಂದು ವಿಚಿತ್ರ: ನಡುನಡುವೆ ವೇಗ ಸೊನ್ನೆ ತೋರಿಸಿ ಮೋಟರ್ ಕೈಕೊಡುತ್ತೆ. ಕೊನೆಗೆ, ಇಷ್ಟು ಕೆಸರು ಮೆತ್ತಿದ ಬೈಕನ್ನು ಪ್ರೆಶರ್ ವಾಶ್ ಮಾಡಬಹುದಾ? ಯಾವುದರಿಂದ ಶುರು ಮಾಡಲಿ?

ಗುಡ್ಡದದಾರಿ:

ಟೈರಿನಿಂದ ಶುರು ಮಾಡಿ. ಉಳಿದದ್ದಕ್ಕೆಲ್ಲ ಖರ್ಚು ಮಾಡಿ ಟೈರ್ ಹಾಗೇ ಬಿಟ್ಟರೆ ಪ್ರಯೋಜನ ಇಲ್ಲ.

ಗಿಡ್ಡ ಬಟನ್‌ಗಳ ನಡುವೆ ಜೇಡಿಮಣ್ಣು ತುಂಬಿಕೊಂಡರೆ ಟೈರ್ ಎರಡೇ ಸುತ್ತಿಗೆ ನುಣ್ಣಗಾಗುತ್ತೆ. ಬೇಕಿರೋದು ಎತ್ತರದ, ದೂರದೂರ ಇರುವ ಬಟನ್. ಮಣ್ಣು ತಾನಾಗಿ ಸಿಡಿದು ಉದುರಬೇಕು. ಮ್ಯಾಕ್ಸಿಸ್ ಶಾರ್ಟಿ, ಶ್ವಾಲ್ಬೆ ಮ್ಯಾಜಿಕ್ ಮೇರಿ, ಕಾಂಟಿನೆಂಟಲ್ ಆರ್ಗೊಟಲ್ ಈ ಜಾತಿಯವು. ಅಗಲ 2.4 ಸಾಕು. ಮೇಲೆ ಕೆಸರು, ಕೆಳಗೆ ಗಟ್ಟಿ ನೆಲ ಇರುವಲ್ಲಿ ಕಿರಿದಾದ ಟೈರ್ ಕೆಸರನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತೆ, 2.6 ಮೇಲೆಯೇ ತೇಲುತ್ತೆ. ಫ್ರೇಮಿಗೂ ಟೈರಿಗೂ ನಡುವೆ ಜಾಗವೂ ಜಾಸ್ತಿ ಸಿಗುತ್ತೆ. ಒಂದೇ ಟೈರಿಗೆ ದುಡ್ಡಿದ್ದರೆ ಮುಂದಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಮುಂದಕ್ಕೆ ಮೆದು ರಬ್ಬರಿನದನ್ನೇ ಆರಿಸಿ, ಚಳಿಗೆ ಗಡಸು ರಬ್ಬರ್ ಇನ್ನೂ ಗಡಸಾಗಿ ಒದ್ದೆ ಬೇರು, ಬಂಡೆಯ ಮೇಲೆ ಹಿಡಿಯೋದೇ ಇಲ್ಲ.

28 ಪಿಎಸ್‌ಐ ಜಾಸ್ತಿಯಾಯಿತು. ನಿಮ್ಮ ತೂಕಕ್ಕೆ ಟ್ಯೂಬ್‌ಲೆಸ್ ಆಗಿದ್ದರೆ ಮುಂದೆ 20-21, ಹಿಂದೆ 23-24ರಿಂದ ಶುರು ಮಾಡಿ ಒಂದೊಂದೇ ಪಿಎಸ್‌ಐ ಏರಿಳಿಸಿ ನೋಡಿ. ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ, ರಿಮ್ಮು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಬೀಳುತ್ತೆ. ಇ-ಬೈಕಿನ ಭಾರಕ್ಕೆ ಹಿಂದಿನ ಟೈರಿನ ಪಕ್ಕ ದಪ್ಪ ಇರಲೇಬೇಕು. ಮ್ಯಾಕ್ಸಿಸ್‌ನ ಡಬಲ್‌ಡೌನ್, ಶ್ವಾಲ್ಬೆಯ ಸೂಪರ್ ಗ್ರಾವಿಟಿ ಅನ್ನೋ ದಪ್ಪ ಕವಚದ ಮಟ್ಟದ್ದು ಹಾಕಿ.

ಇನ್ನು ಏರು. ಟರ್ಬೊ ಸಮಸ್ಯೆಯ ಅರ್ಧ ಭಾಗ ಮಾತ್ರ, ಉಳಿದರ್ಧ ಗಿಯರ್. ಏರು ಕಂಡ ಕೂಡಲೇ ಎಲ್ಲರೂ ಹಿಂದಿನ 51 ಹಲ್ಲಿನ ಗಿಯರಿಗೆ ಹೋಗ್ತಾರೆ. 34ಕ್ಕೆ 51 ಅಂದರೆ ಕ್ರ್ಯಾಂಕಿನ (ಪೆಡಲ್ ತೋಳಿನ) ಟಾರ್ಕ್, ಅಂದರೆ ತಿರುಗಿಸೋ ಬಲ, ಚಕ್ರಕ್ಕೆ ಒಂದೂವರೆ ಪಟ್ಟಾಗಿ ಹೋಗುತ್ತೆ. ಅದೇ 39ರ ಹಲ್ಲಿನಲ್ಲಿ 1.15 ಪಟ್ಟು. ಅಂದರೆ ಅದೇ ಒತ್ತಿಗೆ ಚಕ್ರ ಕೀಳುವ ಬಲ ಕಾಲು ಭಾಗದಷ್ಟು ಕಡಿಮೆ. ಕೆಸರಿನ ಏರಿಗೆ 39 ಅಥವಾ 45 ಇಟ್ಟು, ಪೆಡಲ್ ನಿಮಿಷಕ್ಕೆ 65-80 ಸುತ್ತು ಬರೋ ಹಾಗೆ ನೋಡಿಕೊಳ್ಳಿ. ಅದಕ್ಕಿಂತ ನಿಧಾನ ಆದರೆ ಒಂದೊಂದು ತುಳಿತವೂ ಗುದ್ದಿದ ಹಾಗೆ ಬಂದು ಹಿಡಿತ ಕಿತ್ತುಹೋಗುತ್ತೆ.

ಮೋಡ್ ಮಧ್ಯದ್ದು. ಬಾಷ್ ಮೋಟರಿನಲ್ಲಿ ಇ-ಎಂಟಿಬಿ, ಶಿಮಾನೊ ಮೋಟರಿನಲ್ಲಿ ಟ್ರೇಲ್: ಎರಡೂ ನೀವು ಒತ್ತಿದಷ್ಟಕ್ಕೆ ತಕ್ಕಂತೆ ಸಹಾಯ ಏರಿಸಿ ಇಳಿಸುತ್ತವೆ. ಆ್ಯಪ್‌ನಲ್ಲಿ ಗರಿಷ್ಠ ಟಾರ್ಕ್ ಇಳಿಸೋ ಅವಕಾಶ ಇದ್ದರೆ ಚಳಿಗಾಲಕ್ಕೆ 60 ನ್ಯೂಟನ್ ಮೀಟರ್ ಸುತ್ತ ಇಡಿ. ಕಡಿಮೆ ಅನ್ನಿಸಬಹುದು, ಆದರೆ ಕೆಸರಿನಲ್ಲಿ ಟೈರಿಗೆ ನೆಲಕ್ಕೆ ದಾಟಿಸೋಕೆ ಆಗೋದು ಅಷ್ಟೇ.

ಸೀಟಿನಿಂದ ಏಳಬೇಡಿ. ಎದೆ ತಗ್ಗಿಸಿ, ಮೊಣಕೈ ಕೆಳಕ್ಕೆ, ಕೂರೋದು ಒಣ ಏರಿಗಿಂತ ಎರಡು ಬೆರಳು ಹಿಂದೆ. ಬೇರಿನ ಮೇಲೆ ಹಾಯೋ ಕ್ಷಣದಲ್ಲಿ ತುಳಿಯಬೇಡಿ, ಅದಕ್ಕೆ ಮೊದಲೇ ವೇಗ ತಗೊಂಡು ಚಕ್ರ ದಾಟಿದ ಮೇಲೆ ತುಳಿಯಿರಿ. ಕೆಲವು ಮೋಟರ್‌ಗಳು ಪೆಡಲ್ ನಿಲ್ಲಿಸಿದ ಮೇಲೂ ಅರೆಗಳಿಗೆ ತಳ್ಳುತ್ತವೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಸ್ವಲ್ಪ ಮುಂಚೆಯೇ ಕಾಲು ನಿಲ್ಲಿಸಿ. ಅರ್ಧದಲ್ಲಿ ನಿಂತರೆ ಅಲ್ಲಿಂದಲೇ ನೇರ ಹೊರಡೋ ಹಟ ಬೇಡ. ಬೈಕನ್ನು ಅಡ್ಡಕ್ಕೆ ತಿರುಗಿಸಿ ಇಕೋದಲ್ಲಿ ಹೊರಡಿ, ಇಲ್ಲವಾದರೆ ಇಳಿದು, ನಡೆಯುವಾಗ ಮೋಟರ್ ನೆರವಾಗೋ ವಾಕ್ ಮೋಡಿನಲ್ಲಿ ತಳ್ಳಿ.

ಇಳಿಜಾರಿನಲ್ಲಿ ನೆನಪಿಡೋದು ಒಂದೇ: ಬ್ರೇಕ್ ಹಿಡಿಯೋದು ಕಲ್ಲು, ಜಲ್ಲಿ ಇರೋ ಕಡೆ; ಕೆಸರಿನೊಳಗೆ ಚಕ್ರ ಉರುಳಲು ಬಿಡಿ.

ಗ್ರೀಸ್‌ಕೈ:

ಗಿಯರಿನ ಮಾತು ಸರಿಯಾಗಿದೆ. ಚೈನಿನ ಕಡೆಯಿಂದ ನಾನು ಸೇರಿಸ್ತೀನಿ, ಯಾಕಂದರೆ ಕೆಸರಿನಲ್ಲಿ ಇ-ಬೈಕ್ ಮುರಿಯೋದು ಹೆಚ್ಚಾಗಿ ಅಲ್ಲಿಂದಲೇ.

ಸಾಮಾನ್ಯ ಸೈಕಲ್ಲಿನಲ್ಲಿ ಡಿರೇಲರಿಗೆ (ಚೈನನ್ನು ಗಿಯರಿಂದ ಗಿಯರಿಗೆ ಸರಿಸೋ ಭಾಗಕ್ಕೆ) ಹುಲ್ಲು, ಮಣ್ಣು ಸಿಕ್ಕಿದರೆ ಕಾಲಿಗೆ ಗೊತ್ತಾಗುತ್ತೆ, ನಾವು ನಿಲ್ಲಿಸ್ತೀವಿ. ಮೋಟರಿಗೆ ಅದು ಗೊತ್ತಾಗಲ್ಲ. ಕಾಲಿಗೆ ಬಿಗಿ ತಟ್ಟೋ ಮೊದಲೇ ಅದು ಎಳೆದು, ಡಿರೇಲರನ್ನು ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್ ಮುರಿದು, ಡಿರೇಲರನ್ನು ಚಕ್ರದ ಕಡ್ಡಿಗಳೊಳಗೆ ತಳ್ಳಿರುತ್ತೆ. ಚೈನ್ ಚೈನ್‌ರಿಂಗಿಗೆ ಅಂಟಿಕೊಂಡು ಮೇಲಕ್ಕೆ ಸುತ್ತಿ ಫ್ರೇಮಿಗೆ ಸಿಕ್ಕಿಹಾಕಿಕೊಳ್ಳೋದೂ ಹೀಗೇ. ಆದ್ದರಿಂದ ಕಿವಿ ತೆರೆದಿರಲಿ. ಕರಕರ ಸದ್ದು ಬಂತು, ಗಿಯರ್ ತಾನಾಗಿ ಎಗರಿತು ಅಂದರೆ ತಕ್ಷಣ ಇಳಿದು, ಪೆಡಲ್ ಹಿಂದಕ್ಕೆ ಒಂದು ಸುತ್ತು ತಿರುಗಿಸಿ, ಡಿರೇಲರಿನ ಎರಡು ಪುಟ್ಟ ಚಕ್ರಗಳ ನಡುವಿನ ಕಸವನ್ನು ಒಂದು ಪುಳ್ಳೆಯಿಂದ ಕೆದಕಿ. ಜಿಗುಟು ಜೇಡಿಯಲ್ಲಿ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತೆ, ಬೇಸರ ಪಡಬೇಡಿ. ಬಿಡಿ ಹ್ಯಾಂಗರ್, ತುಂಡಾದ ಚೈನ್ ಜೋಡಿಸೋ ಕ್ವಿಕ್ ಲಿಂಕ್, ಚೈನ್ ಕತ್ತರಿ ಬ್ಯಾಗಿನಲ್ಲಿರಲಿ.

ಗಿಯರ್ ಬದಲಿಸುವಾಗ ಒಂದು ಸೆಕೆಂಡು ಕಾಲಿನ ಒತ್ತು ಬಿಡಿ, ಒಂದು ಸಲಕ್ಕೆ ಒಂದೇ ಗಿಯರ್.

ಮೇಣದ ಲೂಬ್ ಒಣ ಹವೆಗೆ ಚೆನ್ನ. ಸತತ ನೀರು ಬಿದ್ದರೆ ಸವಾರಿ ಮುಗಿಯೋ ಮೊದಲೇ ತೊಳೆದುಹೋಗಿ ಚೈನ್ ಕಿರುಗುಟ್ಟುತ್ತೆ. ಈ ಕಾಲಕ್ಕೆ ನೀರಿಗೆ ಬೇಗ ತೊಳೆದುಹೋಗದ ಎಣ್ಣೆ, ಅಂದರೆ ವೆಟ್ ಲೂಬ್ ಹಾಕಿ: ತೊಳೆದು ಪೂರಾ ಒಣಗಿಸಿದ ಚೈನಿನ ಒಂದೊಂದು ರೋಲರಿಗೆ ಒಂದೊಂದೇ ಹನಿ, ಹತ್ತಿಪ್ಪತ್ತು ಸುತ್ತು ತಿರುಗಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ. ಎಣ್ಣೆ ಕೆಲಸ ಮಾಡೋದು ರೋಲರಿನ ಒಳಗೆ. ಹೊರಗೆ ಉಳಿದದ್ದು ಮರಳು ಹಿಡಿದು ಉಜ್ಜುಕಾಗದ ಆಗುತ್ತೆ. ಸವೆತ ಅಳೆಯೋ ಚೈನ್ ಗೇಜಿನಲ್ಲಿ ಶೇ 0.5 ತೋರಿಸಿದ ದಿನವೇ ಚೈನ್ ಬದಲಿಸಿ. 0.75ರ ತನಕ ಎಳೆದರೆ ಕ್ಯಾಸೆಟ್ ಕೂಡ ಹೋಗುತ್ತೆ, ಮೋಟರಿನ ಎಳೆತಕ್ಕೆ ಹೊಸ ಚೈನ್ ಹಳೆ ಹಲ್ಲಿನ ಮೇಲೆ ಜಾರುತ್ತೆ.

ಬ್ರೇಕ್ ಪ್ಯಾಡ್: ಈಗಿರೋದು ಬಹುಶಃ ಮೆದುವಾದ ರೆಸಿನ್ (ಅಂಟು ಬೆರೆಸಿ ಮಾಡಿದ್ದು). ಮರಳು ಬೆರೆತ ಕೆಸರಿನಲ್ಲಿ ಹೊಸ ರೆಸಿನ್ ಪ್ಯಾಡ್ ಒಂದೇ ದಿನದ ಉದ್ದ ಇಳಿಜಾರಿಗೆ ಮುಗಿದರೂ ಆಶ್ಚರ್ಯ ಇಲ್ಲ. ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ ಸಿಂಟರ್ಡ್ ಮೆಟಲ್ ಹಾಕಿ. ಸದ್ದು ಮಾಡುತ್ತೆ, ತಣ್ಣಗಿರುವಾಗ ಕಚ್ಚು ಸ್ವಲ್ಪ ಕಡಿಮೆ, ಆದರೆ ಬಾಳುತ್ತೆ. ಶಿಮಾನೊ ಪ್ಯಾಡಿನ ಮೇಲ್ಪದರ 0.5 ಮಿ.ಮೀ.ಗೆ ಬಂದರೆ ಕಿತ್ತುಹಾಕಿ. ಅವರ 1.8 ಮಿ.ಮೀ. ಡಿಸ್ಕ್ 1.5ಕ್ಕೆ ಇಳಿದರೆ ಅದನ್ನೂ. ಹೊಸ ಪ್ಯಾಡ್ ಹಾಕೋ ಮೊದಲು ಪಿಸ್ಟನ್ ಸುತ್ತಲಿನ ಕೊಳೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಕಡ್ಡಿಯಿಂದ ತೆಗೆದು ಆಮೇಲೆ ಒಳಕ್ಕೆ ತಳ್ಳಿ. ಕೊಳೆ ಸಮೇತ ತಳ್ಳಿದರೆ ಸೀಲ್ ಗೀರುತ್ತೆ.

ಫೋರ್ಕನ್ನೂ ಮರೀಬೇಡಿ. ಫೋರ್ಕ್ ತಯಾರಿಸೋ ರಾಕ್‌ಶಾಕ್ಸ್ ಕಂಪನಿ ಕೆಳಗಿನ ಕಾಲುಗಳ ಎಣ್ಣೆ ಬದಲಿಸೋಕೆ 50 ಗಂಟೆ ಸವಾರಿಗೆ ಒಂದು ಸಲ ಅನ್ನುತ್ತೆ, ಕೆಸರಿನ ಕಾಲದಲ್ಲಿ ಅದಕ್ಕಿಂತ ಬೇಗ ಮಾಡೋದು ಜಾಣತನ. ಚಳಿಗೆ ಎಣ್ಣೆ ದಪ್ಪವಾಗಿ ಫೋರ್ಕ್ ಸೋಮಾರಿಯಾದರೆ ರಿಬೌಂಡ್ ತಿರುಪನ್ನು (ಒತ್ತಿದ ಫೋರ್ಕ್ ಮೇಲೇಳೋ ವೇಗ ಹೊಂದಿಸೋದು) ಒಂದೆರಡು ಕ್ಲಿಕ್ ತೆರೆಯಿರಿ.

ವೋಲ್ಟೇಜ್:

ಬ್ಯಾಟರಿ ಮತ್ತು ಸೆನ್ಸರ್ ಬಗ್ಗೆ ಹೇಳ್ತೀನಿ.

ಚಳಿಗೆ ಲಿಥಿಯಂ ಸೆಲ್ಲಿನ ಒಳಗಿನ ರೋಧ ಏರುತ್ತೆ. ಶಕ್ತಿ ಎಲ್ಲೂ ಹೋಗಿರಲ್ಲ, ಈಚೆಗೆ ಬರೋದು ಕಷ್ಟ ಆಗಿರುತ್ತೆ. ಜೋರಾಗಿ ಎಳೆದಾಗ ವೋಲ್ಟೇಜ್ ಕುಸಿದು ಬ್ಯಾಟರಿಯ ಕಾವಲು ಸರ್ಕಿಟ್ ಮೋಟರಿಗೆ ಕಡಿವಾಣ ಹಾಕುತ್ತೆ. ಸೊನ್ನೆ ಡಿಗ್ರಿಯ ಹತ್ತಿರ ಐದನೇ ಒಂದು ಭಾಗ ಕಡಿಮೆ ಸಿಗುತ್ತೆ ಅಂತ ಲೆಕ್ಕ ಹಿಡಿದರೆ ನಿಮ್ಮ 625 ಸುಮಾರು 500 ಆಯಿತು. ಮೋಟರ್ ಸರಾಸರಿ 250 ವಾಟ್ ಎಳೆದರೆ ಎರಡೂವರೆ ಗಂಟೆಯದು ಎರಡಕ್ಕೆ ಇಳಿಯಿತು. ಕೆಸರು ಚಕ್ರವನ್ನು ಹಿಡಿದೆಳೆಯೋದರಿಂದ ಆ 250 ಕೂಡ ಹಾಗೇ ನಿಲ್ಲಲ್ಲ. ಎಷ್ಟೋ ಸಲ ಚಳಿಯ ಮೇಲೆ ಹೊರಿಸೋ ತಪ್ಪು ನಿಜಕ್ಕೂ ಕೆಸರಿನದು.

ಬ್ಯಾಟರಿಯನ್ನು ಮನೆಯೊಳಗೆ ಬೆಚ್ಚಗಿಟ್ಟು ಹೊರಡೋ ಹೊತ್ತಿಗೆ ಬೈಕಿಗೆ ಹಾಕಿ. ಓಡ್ತಾ ಇದ್ದರೆ ಅದು ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳುತ್ತೆ, ತಣ್ಣಗಾಗೋದು ಊಟಕ್ಕೆ ಅಂತ ಗಂಟೆಗಟ್ಟಲೆ ನಿಲ್ಲಿಸಿದಾಗ. ಹೊರಗೆ ಕೂರುವ ಬ್ಯಾಟರಿಯಾದರೆ ನಿಯೊಪ್ರೀನ್ ಕವಚ ಹಾಕಿ. ಕೊನೆಯ ದೊಡ್ಡ ಏರನ್ನು ಚಾರ್ಜ್ ಶೇ 20ಕ್ಕಿಂತ ಕೆಳಗೆ ಇಳಿದ ಮೇಲೆ ಇಟ್ಟುಕೊಳ್ಳಬೇಡಿ, ವೋಲ್ಟೇಜ್ ಕುಸಿತ ಜೋರಾಗೋದು ಅಲ್ಲೇ.

ಇದಕ್ಕಿಂತ ಮುಖ್ಯ ಚಾರ್ಜಿಂಗ್. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ಲಿಥಿಯಂ ಸೆಲ್ಲಿನ ಗ್ರಾಫೈಟ್ ಪದರದ ಒಳಗೆ ಸೇರದೆ ಮೇಲೆಯೇ ಲೋಹವಾಗಿ ಕೂರುತ್ತೆ. ಹೋದ ಸಾಮರ್ಥ್ಯ ಮತ್ತೆ ಬರಲ್ಲ, ಸೆಲ್ ಒಳಗೆ ಶಾರ್ಟ್ ಆಗೋ ಅಪಾಯವೂ ಇದೆ. ಸವಾರಿ ಮುಗಿಸಿ ಬಂದವರು ಬ್ಯಾಟರಿಯನ್ನು ಒಳಗೆ ತಂದು, ಒಂದೆರಡು ಗಂಟೆ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಚಾರ್ಜರ್ ಚುಚ್ಚಿ. ವಾರಗಟ್ಟಲೆ ಓಡಿಸಲ್ಲ ಅಂದರೆ ಚಾರ್ಜ್ ಶೇ 30-60ರಲ್ಲಿ ಇಡಿ.

ವೇಗ ಸೊನ್ನೆ ತೋರಿಸೋದು ವೇಗದ ಸೆನ್ಸರ್ ಓದುವ ಹಿಂದಿನ ಚಕ್ರದ ಮ್ಯಾಗ್ನೆಟ್ ಜರುಗಿದ್ದಕ್ಕೆ. ಕೆಸರು ಮೆತ್ತಿದ ಮಾತ್ರಕ್ಕೆ ಕಾಂತಕ್ಷೇತ್ರ ನಿಲ್ಲಲ್ಲ. ಗಟ್ಟಿ ಮಣ್ಣುಹೆಂಟೆ ಅಥವಾ ಕಾಡಿನ ಪುಳ್ಳೆ ತಾಗಿ ಮ್ಯಾಗ್ನೆಟ್ ತಿರುಗಿರುತ್ತೆ. ಚಕ್ರದ ಕಡ್ಡಿಗೆ ಕಟ್ಟುವ ಮ್ಯಾಗ್ನೆಟ್ ಇರೋ ಬಾಷ್‌ನಲ್ಲಿ ಸೆನ್ಸರಿಗೂ ಅದಕ್ಕೂ 5ರಿಂದ 17 ಮಿ.ಮೀ. ಅಂತರ ಇರಬೇಕು, ತಪ್ಪಿದರೆ 503 ಅಂತ ದೋಷ ಬರುತ್ತೆ. ಶಿಮಾನೊದಲ್ಲಿ ಡಬ್ಲ್ಯೂ013 ಬಂದರೆ ಅದು ಬೇರೆ: ಪೆಡಲ್ ಮೇಲೆ ಕಾಲಿಟ್ಟು ಸ್ವಿಚ್ ಹಾಕಿದ್ದೀರಿ. ಕಾಲು ತೆಗೆದು ಆರಿಸಿ ಮತ್ತೆ ಹಾಕಿ.

ಪ್ರೆಶರ್ ವಾಶ್ ಬೇಡವೇ ಬೇಡ. ಮನೆ ಬಳಕೆಯ ಯಂತ್ರವೂ 100 ಬಾರ್ ದಾಟುತ್ತೆ. ಧೂಳು, ನೀರು ಎಷ್ಟು ತಡೆಯುತ್ತೆ ಅಂತ ಹೇಳೋ ಐಪಿ ಸಂಖ್ಯೆಯ ಎರಡನೇ ಅಂಕೆ 4 ಇದ್ದರೆ ಚಿಮ್ಮುವ ನೀರು ತಡೆಯುತ್ತೆ, 5 ಇದ್ದರೆ ಕಡಿಮೆ ಒತ್ತಡದ ಪೈಪಿನ ನೀರು. ಮುಳುಗಿಸಬಹುದು ಅಂತ ಆಗೋದು 7ಕ್ಕೆ. ಹಾಗೇ ಬಿಸಿಯಾದ ಮೋಟರನ್ನು ತಣ್ಣೀರಿನ ಹಳ್ಳಕ್ಕೆ ಇಳಿಸಬೇಡಿ. ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಹೀರುತ್ತೆ. ತೊಳೆಯುವಾಗ ಬ್ಯಾಟರಿ ತೆಗೆದಿಟ್ಟು ತೊಳೆಯಿರಿ.

ಗ್ರೀಸ್‌ಕೈ:

ವೋಲ್ಟೇಜ್ ಸರ್, ಕೊನೆಯ ಮಾತಿಗೆ ಒಂದು ತಕರಾರು. ಕೆಳಗಿನ ಕೊಳವೆಯೊಳಗೆ ಕೂರುವ ಬ್ಯಾಟರಿ ತೆಗೆದರೆ ಅಷ್ಟು ದೊಡ್ಡ ಬಾಯಿ ತೆರೆದುಕೊಳ್ಳುತ್ತೆ, ನೀರು ನೇರ ಕನೆಕ್ಟರಿಗೇ ಹೋಗುತ್ತೆ. ಸ್ವಿಚ್ ಆರಿಸಿ, ಬ್ಯಾಟರಿ ಒಳಗೇ ಇಟ್ಟು, ಚಾರ್ಜಿಂಗ್ ಮುಚ್ಚಳ ಭದ್ರ ಮಾಡಿ ತೊಳೆಯೋದು ಮೇಲಲ್ಲವಾ?

ವೋಲ್ಟೇಜ್:

ಒಳಗೆ ಕೂರುವ ಬ್ಯಾಟರಿಯ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಇದೆ. ತಯಾರಕರೂ ಒಂದೇ ಥರ ಹೇಳಲ್ಲ, ಆ ಬೈಕಿನ ಕೈಪಿಡಿ ಹೇಳಿದ್ದೇ ಕೊನೆ. ತೆಗೆಯಿರಿ ಅಂದಿದ್ದರೆ ಮುಚ್ಚಳ ಮತ್ತೆ ಹಾಕಿ, ಕನೆಕ್ಟರ್ ಮೇಲೆ ಪ್ಲಾಸ್ಟಿಕ್ ಸುತ್ತಿ. ಯಾವುದೇ ಆದರೂ ತೊಳೆದ ಮೇಲೆ ಬ್ಯಾಟರಿ ಹೊರತೆಗೆದು ಸಂಪರ್ಕದ ಪಿನ್ನುಗಳನ್ನು ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಟೆಕ್ನಿಕಲ್ ವ್ಯಾಸಲೀನ್ ಸವರಿ. ಹಸಿರು ಕಿಲುಬು ಕಂಡರೆ ನೀರು ಈಗಾಗಲೇ ಬರ್ತಿದೆ ಅಂತ ಅರ್ಥ.

ಬಟನ್‌ಟೈರ್:

ತುಂಬಾ ಉಪಕಾರ ಆಯಿತು. ಮ್ಯಾಗ್ನೆಟ್ ನಿಜಕ್ಕೂ ಓರೆಯಾಗಿತ್ತು, ಸರಿಮಾಡಿದೆ. ಎರಡು ಪ್ರಶ್ನೆ ಉಳಿದಿವೆ. ಪ್ರೆಶರ್ ವಾಶ್ ಇಲ್ಲದೆ ಒಣಗಿದ ಜೇಡಿ ಬಿಡಿಸೋದು ಹೇಗೆ? ಸಿಂಟರ್ಡ್ ಪ್ಯಾಡ್ ಈಗಿನ ಡಿಸ್ಕಿಗೇ ಆಗುತ್ತಾ?

ಗ್ರೀಸ್‌ಕೈ:

ಒಣಗೋಕೆ ಬಿಡಬೇಡಿ, ಉತ್ತರ ಅಲ್ಲೇ ಇದೆ. ಒಣಗಿಬಿಟ್ಟಿದ್ದರೆ ಬಕೆಟ್ ನೀರು ಹೊಯ್ದು ಹತ್ತು ನಿಮಿಷ ನೆನೆಸಿ, ಆಮೇಲೆ ಪೈಪಿನ ಮೆಲ್ಲನೆಯ ನೀರು, ಉದ್ದ ಕೂದಲಿನ ಬ್ರಷ್. ಒಣಮಣ್ಣನ್ನು ಕೆರೆದರೆ ಬಣ್ಣದ ಜೊತೆ ಫೋರ್ಕಿನ ನುಣುಪೂ ಗೀರುತ್ತೆ. ತಪ್ಪಿಸಬಾರದ ಮೂರು ಜಾಗ: ಚೈನ್‌ರಿಂಗಿಗೂ ಮೋಟರಿಗೂ ನಡುವಿನ ಸಂದಿ, ಹಿಂದಿನ ಟೈರಿನ ಮುಂದೆ ಫ್ರೇಮ್ ಕೂಡುವ ಮೂಲೆ, ಸಸ್ಪೆನ್ಷನ್ ಕೀಲುಗಳ ಹಿಂಭಾಗ. ಮೊದಲನೆಯದರಲ್ಲಿ ಮಣ್ಣು ಕಟ್ಟಿಕೊಂಡರೆ ತಿರುಗೋ ಅಚ್ಚಿನ ಸೀಲನ್ನು ಉಜ್ಜಿ ಉಜ್ಜಿ ತಿಂದುಹಾಕುತ್ತೆ. ಆ ಬೇರಿಂಗಿಗೆ ನೀರು ಹೋದರೆ ರಿಪೇರಿಗೆ ಮೋಟರನ್ನೇ ಇಳಿಸಬೇಕು. ಎರಡನೆಯದರಲ್ಲಿ ಟೈರ್ ಮಣ್ಣನ್ನು ಒತ್ತಿ ಫ್ರೇಮನ್ನೇ ಸವೆಸುತ್ತೆ, ಅಲ್ಲಿ ದಪ್ಪ ರಕ್ಷಣಾ ಟೇಪ್ ಅಂಟಿಸಿ. ಫ್ರೇಮ್ ಹೊಳಪಿಗೆ ಹೊಡೆಯೋ ಸಿಲಿಕೋನ್ ಸ್ಪ್ರೇ ಡಿಸ್ಕಿನ ಹತ್ತಿರ ಸುಳಿಯಬಾರದು.

ಡಿಸ್ಕ್ ಮೇಲೆ ಕಣ್ಣಾಡಿಸಿ. ರೆಸಿನ್ ಪ್ಯಾಡ್ ಮಾತ್ರ ಅಂತ ಕೆತ್ತಿದ್ದರೆ ಸಿಂಟರ್ಡ್ ಹಾಕಬೇಡಿ, ಅದರ ಉಕ್ಕು ಮೆದು, ಬೇಗ ತೆಳುವಾಗುತ್ತೆ. ಡಿಸ್ಕ್ ಸಮೇತ ಬದಲಿಸಿ. ಹಾಗೆ ಬರೆದಿಲ್ಲ ಅಂದರೆ ಡಿಸ್ಕನ್ನು ಆಲ್ಕೊಹಾಲಿನಲ್ಲಿ ಒರೆಸಿ ಪ್ಯಾಡ್ ಹಾಕಿ. ಒಣ ರಸ್ತೆಯಲ್ಲಿ 20-25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದ ಹಾಗೆ, ಒಂದೊಂದು ಬ್ರೇಕನ್ನೂ ಇಪ್ಪತ್ತು ಸಲ ಹಿಡಿದು ಬಿಡಿ. ಇದನ್ನು ಮಾಡದೆ ನೇರ ಕೆಸರಿಗೆ ಇಳಿಸಿದರೆ ಹೊಸ ಪ್ಯಾಡ್ ಕಚ್ಚೋಕೆ ಮುಂಚೆಯೇ ಸವೆದಿರುತ್ತೆ.