ಬಚ್ಚಲಿನ ಹಂಡೆ ಒಲೆ ತೆಗೆದು ಸೌದೆ ಬಾಯ್ಲರ್: 65,000 ರೂ. ಕೊಟೇಷನ್ ಸರಿಯೇ?

ಮಡಿಕೇರಿ_ಹೆಂಚಿನಮನೆ:
ಮಡಿಕೇರಿ ಹತ್ತಿರ ಹೆಂಚಿನ ಮನೆ, ನಾಲ್ಕು ಜನ, ಎರಡು ಬಚ್ಚಲು. ಹಂಡೆ ಒಲೆ ತೆಗೆದು 100 ಲೀಟರಿನ ಸ್ಟೀಲ್ ಸೌದೆ ಬಾಯ್ಲರ್ ಹಾಕಿಸಬೇಕು. ಬಾಯ್ಲರಿಗೆ 38,000. ಉಳಿದ 27,000 ಹೀಗಿದೆ: 4 ಇಂಚಿನ ಜಿಐ (ಸತು ಲೇಪದ ಕಬ್ಬಿಣ) ಹೊಗೆ ಪೈಪ್ 12 ಅಡಿ 6,000, ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪ್ 60 ಅಡಿ 6,500, ಕೂಲಿ 8,000, ಸಾಗಾಟ 3,500, ‘ಇತರೆ’ 3,000. ಇದರಲ್ಲಿ ಎಲ್ಲಿ ಕಡಿಮೆ ಮಾಡಬಹುದು? 200 ಲೀಟರಿನದೇ ಬೇಕು ಅಂತಲೂ ಅಂಗಡಿಯವರು ಹೇಳ್ತಿದ್ದಾರೆ.

ಬಿಸಿನೀರು_ಲೆಕ್ಕ:
200 ಬೇಡ. ಒಬ್ಬರ ಸ್ನಾನಕ್ಕೆ ಬೆರೆಸಿದ ನೀರು 40 ಲೀಟರ್ ಅಂದ್ರೆ ನಾಲ್ವರಿಗೆ 160. ತಣ್ಣೀರು 18 ಡಿಗ್ರಿ, ಬಾಯ್ಲರ್ ನೀರು 65, ಮೈಗೆ ಬೇಕಾದ್ದು 42. ಲೆಕ್ಕ ಹಾಕಿದ್ರೆ ಬಾಯ್ಲರಿನಿಂದ ಇಳಿಯೋದು ಸುಮಾರು 82 ಲೀಟರ್ ಮಾತ್ರ. ದೊಡ್ಡ ಟ್ಯಾಂಕ್ ತಗೊಂಡ್ರೆ ದಿನಾ ಬೇಡದ ನೀರಿಗೂ ಸೌದೆ ಉರಿಸಬೇಕು. ನೆಂಟರು ಬಂದ ದಿನ ಇನ್ನೊಂದು ಸಲ ಬೆಂಕಿ ಹಾಕಿದ್ರಾಯ್ತು.

ಇಷ್ಟು ನೀರು ಕಾಯೋಕೆ ಬೇಕಾದ ಶಾಖ, ಕರೆಂಟ್ ಲೆಕ್ಕದಲ್ಲಿ ಹೇಳೋದಾದ್ರೆ, ಸುಮಾರು 4.5 ಯೂನಿಟ್. ಒಣ ಸೌದೆ ಕಿಲೋಗೆ ಹೆಚ್ಚುಕಡಿಮೆ 4 ಯೂನಿಟ್ ಶಾಖ ಕೊಡುತ್ತೆ. ಅದರಲ್ಲಿ ಶೇ. 40 ನೀರಿಗೆ ಸೇರಿದ್ರೆ ದಿನಕ್ಕೆ 3 ಕಿಲೋ ಸಾಕು. ತೆರೆದ ಹಂಡೆ ಒಲೆಯಲ್ಲಿ ಶೇ. 15 ಅಂದ್ಕೊಂಡ್ರೆ ಏಳೂವರೆ ಕಿಲೋ. ತೋಟದ ಸೌದೆಗೆ ದುಡ್ಡು ಕೊಡದಿದ್ರೂ ಸೀಳೋ ಕೂಲಿ ಇದ್ದೇ ಇದೆ, ಆ ಉಳಿತಾಯವೇ ಬಾಯ್ಲರಿನ ಲಾಭ.

ಗೀಸರ್ ಆದ್ರೆ ತಿಂಗಳಿಗೆ 135ರಿಂದ 150 ಯೂನಿಟ್ ಬರೀ ಸ್ನಾನಕ್ಕೆ. ಗೃಹಜ್ಯೋತಿಯಲ್ಲಿ ಇರೋರಿಗೆ ಇದು ಮುಖ್ಯ: 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಚಿಮಣಿ_ಮೇಸ್ತ್ರಿ:
ನಿಮ್ಮ ಕೊಟೇಷನ್‌ನಲ್ಲಿ ಕಡಿಮೆ ಮಾಡೋದಕ್ಕಿಂತ ಸೇರಿಸಬೇಕಾದ್ದೇ ಜಾಸ್ತಿ ಇದೆ. ಮೊದಲು ಹೊಗೆ ಪೈಪ್. ಬಾಯ್ಲರಿನ ಹೊಗೆಬಾಯಿ ಅಳೀರಿ. ಅದು 5 ಇಂಚು ಇದ್ದು ಪೈಪ್ 4 ಹಾಕಿದ್ರೆ ಬಾಗಿಲು ತೆಗೆದಾಗಲೆಲ್ಲ ಹೊಗೆ ಮುಖಕ್ಕೆ. ಎತ್ತರವೂ ನೋಡಿ: ಮಾಡಿನ ನೆತ್ತಿಗಿಂತ ಎರಡಡಿಯಾದ್ರೂ ಮೇಲೆ ಬರಬೇಕು. ಕೆಳಗೇ ನಿಂತ್ರೆ ಗಾಳಿ ಮಾಡಿಗೆ ಹೊಡೆದು ಹೊಗೆಯನ್ನ ಒಳಗೆ ದಬ್ಬುತ್ತೆ. 12 ಅಡಿ ಸಾಲುತ್ತಾ ಅನ್ನೋದನ್ನ ಮನೆ ನೋಡದೆ ಬರೆದಿದ್ದಾರೆ ಅಂತ ನನಗೆ ಅನುಮಾನ.

ಹೊಗೆ ಪೈಪಿಗೆ ಜಿಐ ಬೇಡ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಹಸಿ ಸೌದೆಯ ಹೊಗೆ ತಣ್ಣನೆ ಪೈಪಿನಲ್ಲಿ ಡಾಂಬರಿನ ಹಾಗೆ ಅಂಟುತ್ತೆ, ಹುಳಿ ನೀರು ಇಳಿಯುತ್ತೆ, ಜಿಐ ಒಳಗಿಂದ ತೂತು ಬೀಳುತ್ತೆ. ಹೊರಗಿಂದ ಮಳೆ ಅದೇ ಕೆಲಸ ಮಾಡುತ್ತೆ. ಕೆಳಗೆ ಒಂದು ಟೀ (T ಆಕಾರದ ಜೋಡಣೆ) ಹಾಕಿ, ಮಸಿ ತೆಗೆಯೋ ಮುಚ್ಚಳ ಇಡಿಸಿ. ಮೇಲೆ ಟೋಪಿ.

ಹೆಂಚು ಒಡೆದು ಸಿಮೆಂಟ್ ಮೆತ್ತೋದನ್ನ ಒಪ್ಪಬೇಡಿ, ಒಂದೇ ಮಳೆಗಾಲದಲ್ಲಿ ಬಿರುಕು ಬಿಡುತ್ತೆ. ಕಾಲರ್ ಇರೋ ತಗಡು ಬೇಕು: ಅದರ ಮೇಲಂಚು ಮೇಲಿನ ಸಾಲಿನ ಹೆಂಚಿನ ಅಡಿ, ಕೆಳಗಂಚು ಕೆಳಗಿನ ಹೆಂಚಿನ ಮೇಲೆ. ಪೈಪಿಗೆ ತಾಗೋ ರೀಪು (ಹೆಂಚಿನ ಅಡಿಯ ಮರದ ಪಟ್ಟಿ) ಕತ್ತರಿಸಿ ಕಬ್ಬಿಣದ ಆಂಗಲ್ ಕಟ್ಟಬೇಕು. ಒಂದೇ ಪದರದ ಪೈಪ್ ಆದ್ರೆ ಮರದಿಂದ 18 ಇಂಚು ದೂರ. ಅಷ್ಟು ಜಾಗ ಇಲ್ಲ ಅಂದ್ರೆ ಮಾಡು ದಾಟೋ ಭಾಗಕ್ಕೆ ಎರಡು ಪದರದ್ದು, ಒಳಗೆ ಬೆಂಕಿ ಹಿಡಿಯದ ರಾಕ್‌ವೂಲ್ ತುಂಬಿದ್ದು. ಇವೆಲ್ಲ ‘ಇತರೆ’ 3,000ದಲ್ಲಿ ಬರೋ ಮಾತೇ ಇಲ್ಲ.

ಪೈಪ್_ಫಿಟ್ಟಿಂಗ್:
ಸಿಪಿವಿಸಿ 93 ಡಿಗ್ರಿವರೆಗಿನದು. ಮಡಿಕೇರಿ ಎತ್ತರದಲ್ಲಿ ನೀರು ಕುದಿಯೋದು 96ರ ಆಸುಪಾಸು, ಸೌದೆ ಬಾಯ್ಲರಿಗೆ ಬಿಸಿ ಮಿತಿ ಮೀರದ ಹಾಗೆ ತಡೆಯೋ ಥರ್ಮೋಸ್ಟಾಟ್ ಇಲ್ಲ. ಆದ್ದರಿಂದ ಬಾಯ್ಲರಿನಿಂದ ಹೊರಡೋ ಮೊದಲ 6 ಅಡಿ ಜಿಐ ಅಥವಾ ತಾಮ್ರ, ಆಮೇಲೆ ಸಿಪಿವಿಸಿ. 60 ಅಡಿಯಲ್ಲಿ ಬಿಸಿನೀರಿನ ಭಾಗಕ್ಕೆ ಫೋಮ್ ತೊಡಿಸಿ, ಇಲ್ಲದಿದ್ರೆ ದೂರದ ಬಚ್ಚಲಿಗೆ ಬರೋ ಹೊತ್ತಿಗೆ ಉಗುರುಬೆಚ್ಚಗೆ.

ಎಲ್ಲಕ್ಕಿಂತ ಮುಖ್ಯ ಗಾಳಿ ಪೈಪ್. ಬಾಯ್ಲರಿನ ತಲೆಯಿಂದ ಹೊರಟು ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದಡಿ ಮೇಲೆ ಬಾಯಿ ತೆರೆದೇ ಇರಬೇಕು. ಅದಕ್ಕೆ ವಾಲ್ವ್, ಮುಚ್ಚಳ ಏನೂ ಬೇಡ. ತಣ್ಣೀರಿನ ಪೈಪಿಗೆ ನಾನ್-ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹೋಗದ ಹಾಗೆ ತಡೆಯೋದು) ಹಾಕಿ ಇದನ್ನೂ ಮುಚ್ಚಿದ್ರೆ ಬಾಯ್ಲರ್ ಸಿಡಿಯುತ್ತೆ. ಪ್ರೆಷರ್ ಪಂಪ್ ಇದ್ರೆ ಆ ಲೈನನ್ನು ಬಾಯ್ಲರಿಗೆ ಕೊಡಬೇಡಿ, ಗಾಳಿ ಪೈಪಿನಿಂದ ನೀರು ಮಾಡಿನ ಮೇಲೆ ಸುರಿಯುತ್ತೆ.

ಮಡಿಕೇರಿ_ಹೆಂಚಿನಮನೆ:
ಇಷ್ಟಕ್ಕೆಲ್ಲ ಸೋಲಾರೇ ವಾಸಿ ಅಲ್ವಾ? ಮತ್ತೆ ಹಳೇ ತಾಮ್ರದ ಹಂಡೆಗೆ 1,500 ಕಳೀತೀವಿ ಅಂತಾರೆ.

ಬಿಸಿನೀರು_ಲೆಕ್ಕ:
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ನೆಚ್ಚೋ ಹಾಗಿಲ್ಲ, ಕಕ್ಕಡದಲ್ಲಂತೂ (ಕೊಡಗಿನ ಜೋರು ಮಳೆಯ ತಿಂಗಳು) ಬಿಡಿ. ಮರ ಬಿದ್ದು ಕರೆಂಟ್ ಹೋಗೋದೂ ಆಗಲೇ, ಹಾಗಾಗಿ ಅದರೊಳಗಿನ ಹೀಟರ್ ಕೂಡ ಕೈಗೆ ಬರಲ್ಲ. ಬಾಯ್ಲರ್ ಮೊದಲು ಹಾಕಿಸಿ, ಸೋಲಾರಿಗೆ ಒಂದು ಟೀ ಮತ್ತು ವಾಲ್ವ್ ಈಗಲೇ ಬಿಡಿಸಿಡಿ. ಆಮೇಲೆ ಗೋಡೆ ಒಡೆಯೋ ಖರ್ಚು ಉಳಿಯುತ್ತೆ.

ಸೌದೆ ಬೇಸಿಗೆಯಲ್ಲೇ ಸೀಳಿ ಮಾಡಿನಡಿ ಪೇರಿಸಿ. ಕಾಫಿ ಬೊಡ್ಡೆ ನಿಧಾನ ಉರಿಯುತ್ತೆ, ಸಿಲ್ವರ್ ಓಕ್ ಒಣಗಿದ್ರೆ ಪರವಾಗಿಲ್ಲ, ಹಾಲುವಾಣ ಬರೀ ಹೊಗೆ ಮತ್ತು ಬೂದಿ.

ಹಂಡೆಯನ್ನ ‘ಹಳೇ ಸಾಮಾನು’ ಅಂತ ಕೊಡಬೇಡಿ. ಮನೆಯಲ್ಲೇ ತೂಗಿ, ತಾಮ್ರದ ಗುಜರಿ ಬೆಲೆ ಕಿಲೋಗೆ ಎಷ್ಟು ಅಂತ ಎರಡು ಕಡೆ ಕೇಳಿ, ಆಮೇಲೆ 1,500ರ ಮಾತು.