ಗಾಯ ಮಾಯಿಸುವ ಸಾರ: ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದು ಸಾರವೋ, ಬೇರೇನೋ?

ಈ ಸಲದ ಪ್ರಶ್ನೋತ್ತರ ಗಿಡಗಳ ಮತ್ತು ಕಡಲಜೀವಿಗಳ ಸಾರವನ್ನು ಗಾಯಕ್ಕೆ ಪರೀಕ್ಷಿಸುವ ಬಗ್ಗೆ. ಉತ್ತರಿಸುವವರು ಚರ್ಮದ ಜೀವಕೋಶಗಳ ಮೇಲೆ ಕೆಲಸ ಮಾಡುವ ಔಷಧಶಾಸ್ತ್ರಜ್ಞೆ.

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ನಮಸ್ಕಾರ ಮೇಡಂ. ನನ್ನ ಪ್ರಾಜೆಕ್ಟ್‌ನಲ್ಲಿ ಎರಡು ಸಾರ ಇವೆ. ಒಂದು ಒಂದೆಲಗದ ಎಥನಾಲ್ ಸಾರ, ಇನ್ನೊಂದು ಕಂದು ಕಡಲ ಪಾಚಿಯ ನೀರಿನ ಸಾರ. ಹಾಕ್ಯಾಟ್ ಅನ್ನುವ, ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಚರ್ಮದ ಜೀವಕೋಶಗಳ ಮೇಲೆ ಸ್ಕ್ರ್ಯಾಚ್ ಪರೀಕ್ಷೆ (ಕೋಶಗಳ ಹಾಸಿನಲ್ಲಿ ಗೀರು ಎಳೆದು ಅದು ಮುಚ್ಚುವುದನ್ನು ನೋಡುವುದು) ಮಾಡಿದೆ. ಒಂದೆಲಗ ಹಾಕಿದ ಕಡೆ 24 ಗಂಟೆಯಲ್ಲಿ ಗೀರು ಹೆಚ್ಚುಕಡಿಮೆ ಮುಚ್ಚಿಕೊಂಡಿತು. ಪಾಚಿ ಹಾಕಿದ ಕಡೆ ಕೋಶಗಳು ಮುದುಡಿಕೊಂಡವು. ಹಾಗಾದರೆ ಒಂದೆಲಗ ಪಾಸು, ಪಾಚಿ ಫೇಲು ಅಂತ ಬರೆಯಬಹುದಾ?

ಉತ್ತರ: ಈಗಲೇ ಬೇಡ. ಎರಡು ತೀರ್ಮಾನವೂ ಆತುರದ್ದು.

ಮೊದಲು ಪಾಚಿ. ಅದರ ಉಪ್ಪು ತೆಗೆದಿದ್ದೀರಾ? ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕೋಶ ಬೆಳೆಸುವ ಪೋಷಕ ದ್ರವವಾದ ಮೀಡಿಯಂಗಿಂತ ಅದರ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) ಮೂರು ಪಟ್ಟಿಗೂ ಜಾಸ್ತಿ. ಪಾಚಿಯನ್ನು ಸಿಹಿನೀರಲ್ಲಿ ಚೆನ್ನಾಗಿ ತೊಳೆಯದೆ ಒಣಗಿಸಿ, ನೀರಲ್ಲಿ ಕುದಿಸಿ ಪುಡಿ ಮಾಡಿದರೆ ಆ ಪುಡಿಯಲ್ಲಿ ದೊಡ್ಡ ಪಾಲು ಉಪ್ಪೇ ಇರಬಹುದು. ಉಪ್ಪು ಹೆಚ್ಚಾದರೆ ಕೋಶದೊಳಗಿನ ನೀರು ಹೊರಗೆ ಬರುತ್ತದೆ, ಕೋಶ ಮುದುಡುತ್ತದೆ. ನೀವು ನೋಡಿದ್ದು ಪಾಚಿಯ ವಿಷವೋ ಬರೀ ಉಪ್ಪಿನ ಆಟವೋ ಅಂತ ಆ ಫೋಟೋದಿಂದ ಹೇಳೋಕಾಗಲ್ಲ. ಸಾರ ಬೆರೆಸಿದ ಮೀಡಿಯಂ ಅನ್ನು ಆಸ್ಮೋಮೀಟರ್‌ನಲ್ಲಿ ಅಳೆಯಿರಿ. ಅಷ್ಟೇ ಆಸ್ಮೊಲಾಲಿಟಿ ಬರುವಂತೆ ಬರೀ ಸೋಡಿಯಂ ಕ್ಲೋರೈಡ್ ಹಾಕಿದ ಒಂದು ಕಂಟ್ರೋಲ್ ಇಡಿ. ಅಲ್ಲೂ ಕೋಶ ಮುದುಡಿದರೆ ಉತ್ತರ ಸಿಕ್ಕ ಹಾಗೆ.

ಉಪ್ಪು ತೆಗೆಯಲು ಡಯಾಲಿಸಿಸ್ ಮಾಡಬಹುದು, ಅಂದರೆ ಸಾರವನ್ನು ಸಣ್ಣ ರಂಧ್ರಗಳ ಚೀಲದಲ್ಲಿ ಹಾಕಿ ನೀರಲ್ಲಿ ಇಡುವುದು. ಕಂದು ಪಾಚಿಯ ಫ್ಯೂಕಾಯ್ಡಾನ್, ಆಲ್ಜಿನೇಟ್ ಅನ್ನುವ ಸಕ್ಕರೆ ಸರಪಳಿಗಳು ದೊಡ್ಡ ಅಣುಗಳು, ಚೀಲದೊಳಗೇ ಉಳಿಯುತ್ತವೆ. ಆದರೆ ಪಾಚಿಯ ಪಾಲಿಫಿನಾಲ್‌ಗಳಾದ ಫ್ಲೋರೊಟ್ಯಾನಿನ್‌ಗಳಲ್ಲಿ ಸಣ್ಣವು ಉಪ್ಪಿನ ಜೊತೆಗೇ ಹೊರಗೆ ಹೋಗುತ್ತವೆ. ಹೊರಗಿನ ನೀರನ್ನು ಚೆಲ್ಲಬೇಡಿ. ಕೆಲಸ ಮಾಡುವ ವಸ್ತು ಅದರಲ್ಲೇ ಇರಬಹುದು. ಹಾಗೇ ಆರ್ಸೆನಿಕ್, ಅಯೋಡಿನ್ ಎಷ್ಟಿದೆ ಅಂತಲೂ ನೋಡಿಸಿ. ಪಾಚಿ ಇವೆರಡನ್ನೂ ನೀರಿನಿಂದ ಹೀರಿ ಕೂಡಿಡುತ್ತದೆ.

ಈಗ ಒಂದೆಲಗ. ಗೀರು ಮುಚ್ಚಿಕೊಂಡಿತು, ಸರಿ. ಆದರೆ ಅದು ಎರಡು ದಾರಿಯಲ್ಲಿ ಮುಚ್ಚಬಹುದು. ಅಂಚಿನ ಕೋಶಗಳು ಮುಂದಕ್ಕೆ ಸರಿದಿರಬಹುದು, ಇಲ್ಲವೇ ಅಲ್ಲೇ ಒಡೆದು ಸಂಖ್ಯೆ ಹೆಚ್ಚಿರಬಹುದು. ಸರಿಯುವುದನ್ನು ಮಾತ್ರ ನೋಡಬೇಕಿದ್ದರೆ ಸೀರಂ ಕಡಿಮೆ ಮಾಡಬೇಕು, ಇಲ್ಲವೇ ಮೈಟೊಮೈಸಿನ್ ಸಿ ಹಾಕಿ ಕೋಶ ವಿಭಜನೆ ನಿಲ್ಲಿಸಬೇಕು. ಎಥನಾಲ್ ಪೂರ್ತಿ ಆವಿಯಾಯಿತಾ? ಸಾರವನ್ನು ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿದ್ದರೆ ಸಾರವಿಲ್ಲದ, ಬರೀ ಅಷ್ಟೇ ಡಿಎಂಎಸ್‌ಒ ಇರುವ ವೆಲ್ (ಪ್ಲೇಟಿನ ಗುಳಿ) ಎಲ್ಲಿ? ಪಿಪೆಟ್ ತುದಿಯಿಂದ ಎಳೆದ ಗೀರು ಎಲ್ಲ ಕಡೆ ಒಂದೇ ಅಗಲ ಇರೋದಿಲ್ಲ. ಪ್ಲೇಟಿನ ಕೆಳಗೆ ಗುರುತು ಮಾಡಿ 0 ಗಂಟೆಗೂ 24 ಗಂಟೆಗೂ ಅದೇ ಜಾಗದ ಫೋಟೋ ತೆಗೆದಿದ್ದರೆ ಮಾತ್ರ ಹೋಲಿಕೆಗೆ ಅರ್ಥ. 24 ಗಂಟೆಯ ಒಂದೇ ಫೋಟೋ ಸಾಲದು, ನಡುವೆ 6 ಮತ್ತು 12 ಗಂಟೆಯದೂ ಬೇಕು.

ಹಾಕ್ಯಾಟ್ ಬಗ್ಗೆಯೂ ಒಂದು ಮಾತು. 1988ರಲ್ಲಿ ಬಂದ ಈ ಕೋಶಗಳು ತಾವಾಗಿಯೇ ಸಾಯದೆ ಬೆಳೆಯುವ ಹಾಗಾದವು, ಇವುಗಳ ಕ್ರೋಮೋಸೋಮ್ ಸಂಖ್ಯೆಯೂ ಸಹಜವಲ್ಲ. ಮೊದಲ ಜರಡಿಗೆ ಒಳ್ಳೆಯವು. ಮನುಷ್ಯರ ಚರ್ಮ ಹೀಗೇ ವರ್ತಿಸುತ್ತದೆ ಅನ್ನಲು ಇವು ಸಾಕಾಗೋದಿಲ್ಲ. ಕೊನೇ ಪಕ್ಷ ಚರ್ಮದ ಒಳಪದರದಲ್ಲಿ ಕೊಲಾಜನ್ ಮಾಡುವ ಫೈಬ್ರೊಬ್ಲಾಸ್ಟ್ ಕೋಶಗಳ ಮೇಲೂ ಒಮ್ಮೆ ನೋಡಿ.

ಅದೇ ವಿದ್ಯಾರ್ಥಿನಿ: ಎಂಟಿಟಿ ಪರೀಕ್ಷೆಯಲ್ಲಿ ಒಂದೆಲಗ ಹಾಕಿದ ಕೋಶಗಳು 130 ಶೇಕಡಾ ಬದುಕಿವೆ ಅಂತ ಬಂತು ಮೇಡಂ. ಖುಷಿಪಡಬಹುದಾ?

ಉತ್ತರ: ಸ್ವಲ್ಪ ತಡೆಯಿರಿ. ಎಂಟಿಟಿ ಅನ್ನೋದು ಹಳದಿ ಬಣ್ಣದ ವಸ್ತು. ಜೀವಂತ ಕೋಶದ ಕಿಣ್ವಗಳು ಅದನ್ನು ಅಪಕರ್ಷಿಸಿ ನೇರಳೆ ಮಾಡುತ್ತವೆ. ಗಿಡದ ಪಾಲಿಫಿನಾಲ್‌ಗಳೂ ಅದೇ ಕೆಲಸ ಮಾಡಬಲ್ಲವು, ಕೋಶವೇ ಇಲ್ಲದಿದ್ದರೂ! ಕೋಶ ಹಾಕದ ವೆಲ್‌ನಲ್ಲಿ ಮೀಡಿಯಂ, ಸಾರ, ಎಂಟಿಟಿ ಮೂರನ್ನೂ ಬೆರೆಸಿ ಇಟ್ಟು ನೋಡಿ. ಅದು ನೇರಳೆಗೆ ತಿರುಗಿದರೆ ನಿಮ್ಮ 130 ಅನ್ನು ನಂಬೋಕಾಗಲ್ಲ. ಸಾರ ಇರುವ ಮೀಡಿಯಂ ಅನ್ನು ತೆಗೆದು, ಕೋಶಗಳನ್ನು ತೊಳೆದು, ಆಮೇಲೆ ಎಂಟಿಟಿ ಹಾಕಿದರೆ ತೊಂದರೆ ಕಡಿಮೆ. ಜೊತೆಗೆ ಬೇರೆ ತತ್ವದ ಇನ್ನೊಂದು ಪರೀಕ್ಷೆ ಇರಲಿ, ಎಲ್‌ಡಿಎಚ್ ಸೋರಿಕೆ (ಕೋಶಕ್ಕೆ ಹಾನಿಯಾದರೆ ಹೊರಬರುವ ಕಿಣ್ವ) ಅಥವಾ ಡಿಎನ್‌ಎ ಅಳತೆ ಆಗಬಹುದು. ಕೆಳಗಿನ ಗಡಿಗೆ ವೈದ್ಯಕೀಯ ಸಾಧನಗಳ ಕೋಶವಿಷತೆ ಪರೀಕ್ಷೆಯ ಮಾನದಂಡವಾದ ಐಎಸ್‌ಒ 10993-5 ನೋಡಿ. ಬದುಕುಳಿದ ಪ್ರಮಾಣ 70 ಶೇಕಡಾಕ್ಕಿಂತ ಕೆಳಗಿಳಿದರೆ ಅದು ಕೋಶಕ್ಕೆ ವಿಷ ಅಂತ ಲೆಕ್ಕ.

ಪ್ರಶ್ನೆ (ಫಾರ್ಮಸಿ ಉಪನ್ಯಾಸಕರು): ಸೀಗಡಿ ಚಿಪ್ಪಿನಿಂದ ಕೈಟೋಸಾನ್ ತೆಗೆದಿದ್ದೇವೆ. ಅಗಾರ್ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದ ವಲಯ ತುಂಬಾ ಸಣ್ಣದು. ಒಂದು ಬ್ಯಾಚ್‌ನಲ್ಲಿ ಮಾತ್ರ ದೊಡ್ಡದಾಗಿ ಬಂತು. ಅದನ್ನೇ ನಂಬಬಹುದಾ?

ಉತ್ತರ: ಆ ದೊಡ್ಡ ವಲಯದ ಮೇಲೆಯೇ ನನಗೆ ಅನುಮಾನ ಸರ್. ಕೈಟೋಸಾನ್ ಸಾಮಾನ್ಯ ನೀರಲ್ಲಿ ಕರಗದು, ಆಮ್ಲ ಬೇಕು. ನೀವು ಅಸಿಟಿಕ್ ಆಮ್ಲದಲ್ಲೇ ಕರಗಿಸಿರುತ್ತೀರಿ ಅಲ್ವಾ? ಅಸಿಟಿಕ್ ಆಮ್ಲ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಸ್ಯೂಡೋಮೊನಾಸ್ ಹಿಡಿದ ಗಾಯಗಳಿಗೆ 1 ಶೇಕಡಾ ಆಸುಪಾಸಿನ ಅಸಿಟಿಕ್ ಆಮ್ಲವನ್ನು ವೈದ್ಯರು ಬಳಸುವುದೂ ಉಂಟು. ಆ ಬ್ಯಾಚ್‌ನಲ್ಲಿ ಆಮ್ಲ ಸ್ವಲ್ಪ ಹೆಚ್ಚಾಗಿದ್ದರೆ ಕತೆ ಮುಗಿಯಿತು. ಅದೇ ಪಿಎಚ್‌ನ, ಅಷ್ಟೇ ಆಮ್ಲ ಇರುವ, ಕೈಟೋಸಾನ್ ಇಲ್ಲದ ದ್ರಾವಣವನ್ನು ಪಕ್ಕದಲ್ಲೇ ಇಡಿ.

ಸಣ್ಣ ವಲಯ ಬಂದಿದ್ದಕ್ಕೂ ಬೇಜಾರು ಬೇಡ. ಅಗಾರ್‌ನಲ್ಲಿ ವಲಯ ಬರಬೇಕಿದ್ದರೆ ವಸ್ತು ಹರಡಬೇಕು. ಕೈಟೋಸಾನ್ ದೊಡ್ಡ ಅಣು, ಮೇಲಾಗಿ ಧನಾವೇಶ ಇರುವುದು, ಹಾಕಿದಲ್ಲೇ ಅಂಟಿಕೊಳ್ಳುತ್ತದೆ. ನೀರಿಗೆ ಒಗ್ಗದ, ಗಿಡಗಳ ಟ್ರೈಟರ್ಪೀನ್ ಎಂಬ ವಸ್ತುಗಳಿಗೂ ಇದೇ ಗತಿ. ವಲಯದ ಅಳತೆ ಬಿಟ್ಟು ಬ್ರಾತ್ ಮೈಕ್ರೊಡೈಲ್ಯೂಷನ್‌ನಲ್ಲಿ (ದ್ರವದಲ್ಲಿ ಹಂತಹಂತವಾಗಿ ತೆಳುಮಾಡಿ) ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ, ನೋಡಿ. ಇನ್ನೂ ಒಂದು ಸಂಗತಿ: ಹಳೇ ಗಾಯದಲ್ಲಿ ಬ್ಯಾಕ್ಟೀರಿಯಾ ಒಂಟಿಯಾಗಿ ಈಜಾಡಿಕೊಂಡು ಇರೋದಿಲ್ಲ, ಬಯೋಫಿಲ್ಮ್ ಅನ್ನುವ ಅಂಟು ಪದರ ಕಟ್ಟಿಕೊಂಡಿರುತ್ತದೆ. ಎಂಐಸಿ ಚೆನ್ನಾಗಿ ಬಂದರೂ ಬಯೋಫಿಲ್ಮ್ ಮುಂದೆ ಸೋಲುವ ಸಾರಗಳು ಬೇಕಾದಷ್ಟಿವೆ.

ಪ್ರಶ್ನೆ (ಪಿಎಚ್.ಡಿ. ವಿದ್ಯಾರ್ಥಿ): ನಾವು ಇಲಿಗಳ ಬೆನ್ನಿನ ಮೇಲೆ ವೃತ್ತಾಕಾರದ ಗಾಯ ಮಾಡಿ ಸಾರದ ಮುಲಾಮು ಹಚ್ಚಿದೆವು. ಏನೂ ಹಚ್ಚದ ಇಲಿಗಳಿಗಿಂತ ಬೇಗ ಮುಚ್ಚಿತು. ಹೈಡ್ರಾಕ್ಸಿಪ್ರೊಲಿನ್ ಕೂಡ ಜಾಸ್ತಿ ಇದೆ. ವಿಮರ್ಶಕರೊಬ್ಬರು ಪೇಪರ್ ವಾಪಸ್ ಕಳಿಸಿದರು. ಏನು ಕೊರತೆ?

ಉತ್ತರ: ಪೇಪರ್ ನೋಡದೆ ಹೇಳುವುದಾದರೂ ಒಂದು ಕೊರತೆ ನಿಮ್ಮ ಪ್ರಶ್ನೆಯಲ್ಲೇ ಇದೆ. ಹೋಲಿಸಿದ್ದು 'ಏನೂ ಹಚ್ಚದ' ಇಲಿಗಳ ಜೊತೆ. ಮುಲಾಮಿನ ಮೂಲವಸ್ತು ಮಾತ್ರ ಹಚ್ಚಿದ ಗುಂಪು ಇರಲಿಲ್ಲವಾ? 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಗಾಯದ ಮೇಲೆ ಪಾಲಿಥೀನ್ ಪೊರೆ ಮುಚ್ಚಿ ತೇವ ಉಳಿಸಿದರೆ, ಗಾಳಿಗೆ ಬಿಟ್ಟು ಒಣಗಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಹೊಸ ಮೇಲ್ಪದರ ಬಂತು. ಔಷಧ ಏನೂ ಇರಲಿಲ್ಲ, ಬರೀ ತೇವ. ಪೆಟ್ರೋಲಿಯಂ ಜೆಲ್ಲಿಯೂ ತೇವ ಹಿಡಿದಿಡುತ್ತದೆ. ಹಾಗಾಗಿ ನಿಮ್ಮ ಇಲಿಗಳಲ್ಲಿ ಕೆಲಸ ಮಾಡಿದ್ದು ಸಾರವೋ ಜೆಲ್ಲಿಯೋ ಯಾರಿಗೆ ಗೊತ್ತು?

ಎರಡನೆಯದು ಇಲಿಯದೇ ಸಮಸ್ಯೆ. ಇಲಿಯ ಚರ್ಮದಡಿ ಪ್ಯಾನಿಕ್ಯುಲಸ್ ಕಾರ್ನೋಸಸ್ ಅನ್ನುವ ತೆಳು ಸ್ನಾಯು ಪದರ ಇದೆ. ಗಾಯವಾದ ಕೂಡಲೇ ಅಂಚುಗಳು ಒಳಕ್ಕೆ ಎಳೆದುಕೊಂಡು ಗಾಯ ಕುಗ್ಗುತ್ತದೆ. ಮನುಷ್ಯರ ಗಾಯ ಮುಖ್ಯವಾಗಿ ಹೊಸ ಅಂಗಾಂಶ ತುಂಬಿ, ಮೇಲೆ ಹೊಸ ಪದರ ಹರಡಿ ಮಾಯುತ್ತದೆ. ಸುಮ್ನೆ ಗಾಯದ ವಿಸ್ತೀರ್ಣ ಅಳೆದರೆ ನೀವು ಅಳೆಯುತ್ತಿರುವುದು ಬಹುಪಾಲು ಆ ಕುಗ್ಗುವಿಕೆಯನ್ನು. ಅದಕ್ಕೇ ಗಾಯದ ಸುತ್ತ ಸಿಲಿಕೋನ್ ಉಂಗುರ ಹೊಲಿದು ಅಂಚು ಎಳೆದುಕೊಳ್ಳದಂತೆ ಮಾಡುವ ವಿಧಾನ ಇದೆ. ಹಂದಿಯ ಚರ್ಮ ನಮ್ಮದಕ್ಕೆ ಹೆಚ್ಚು ಹತ್ತಿರ, ಆದರೆ ಖರ್ಚು, ಜಾಗ, ಅನುಮತಿ ಎಲ್ಲವೂ ದೊಡ್ಡ ತಲೆನೋವು.

ಹೈಡ್ರಾಕ್ಸಿಪ್ರೊಲಿನ್ ಜಾಸ್ತಿ ಅಂದರೆ ಕೊಲಾಜನ್ ಜಾಸ್ತಿ, ಅಷ್ಟೇ. ಉಬ್ಬಿ ಬೆಳೆಯುವ ಕಲೆಯಾದ ಕೀಲಾಯ್ಡ್‌ನಲ್ಲೂ ಕೊಲಾಜನ್ ಜಾಸ್ತಿಯೇ ಇರುತ್ತದೆ! ಎಳೆಗಳು ಹೇಗೆ ಜೋಡಣೆಯಾಗಿವೆ ಅಂತ ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿ ನೋಡಿ. ಮಾಯ್ದ ಚರ್ಮ ಎಷ್ಟು ಎಳೆತ ತಡೆಯುತ್ತದೆ ಅಂತಲೂ ಅಳೆಯಿರಿ. ಚೆನ್ನಾಗಿ ಮಾಯ್ದ ಗಾಯವೂ ಮೂಲ ಚರ್ಮದ ಬಲದ ಸುಮಾರು 80 ಶೇಕಡಾ ಮುಟ್ಟಿದರೆ ಹೆಚ್ಚು. ಗಾಯ ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದು ಅಂತ ಗೊತ್ತಿರಬಾರದು. ಇದನ್ನೆಲ್ಲ ಪೇಪರ್‌ನಲ್ಲಿ ಹೇಗೆ ಬರೆಯಬೇಕು ಅನ್ನುವುದಕ್ಕೆ, ಪ್ರಾಣಿ ಪ್ರಯೋಗಗಳ ವರದಿಗೆಂದೇ ಮಾಡಿದ ಅರೈವ್ ಮಾರ್ಗಸೂಚಿ ಇದೆ. ಮುಂದಿನ ಪ್ರಯೋಗ ಶುರು ಮಾಡುವ ಮೊದಲೇ ಅದನ್ನು ಓದಿ. ಮುಗಿದ ಮೇಲೆ ಓದಿದರೆ ಪಶ್ಚಾತ್ತಾಪ ಬಿಟ್ಟು ಬೇರೇನೂ ಸಿಗೋದಿಲ್ಲ.

ಪ್ರಶ್ನೆ (ಒಬ್ಬ ಸದಸ್ಯರು): ನಾನು ವಿಜ್ಞಾನದವನಲ್ಲ. ಅಪ್ಪನಿಗೆ ಶುಗರ್ ಇದೆ, ಪಾದದಲ್ಲಿ ಗಾಯ, ಮೂರು ವಾರ ಆಯಿತು. ನೋವಿಲ್ಲ ಅನ್ನುತ್ತಾರೆ. ಮೇಲೆ ಒಂದೆಲಗ ಒಳ್ಳೆಯದು ಅಂತ ಓದಿದೆ. ಅರೆದು ಕಟ್ಟಬಹುದಾ?

ಉತ್ತರ: ದಯವಿಟ್ಟು ಕಟ್ಟಬೇಡಿ. ಮೇಲೆ ನಾವು ಮಾತಾಡಿದ್ದು ಪ್ಲೇಟಿನಲ್ಲಿ ಬೆಳೆಸಿದ ಕೋಶಗಳ ಬಗ್ಗೆ. ಹಸಿ ಸೊಪ್ಪಿನ ಜೊತೆ ಮಣ್ಣಿನ ಬ್ಯಾಕ್ಟೀರಿಯಾ ಬರುತ್ತದೆ, ಧನುರ್ವಾಯುವಿನ ಬೀಜಕಗಳೂ ಬರಬಹುದು. ತೊಳೆದರೂ ಅವು ಪೂರ್ತಿ ಹೋಗೋದಿಲ್ಲ. ನೋವಿಲ್ಲ ಅನ್ನುವುದು ಇಲ್ಲಿ ಸಮಾಧಾನದ ಮಾತಲ್ಲ. ಶುಗರ್‌ನಿಂದ ಪಾದದ ನರ ಮಂಕಾದಾಗ ಗಾಯ ಆಳಕ್ಕೆ ಹೋದರೂ ನೋವು ಗೊತ್ತಾಗದು. ಅಂಥ ಗಾಯಕ್ಕೆ ಬೇಕಾಗಿರುವುದು ರಕ್ತ ಓಡಾಟದ ಪರೀಕ್ಷೆ, ಸತ್ತ ಅಂಗಾಂಶ ತೆಗೆಯುವುದು, ಆ ಜಾಗದ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳುವುದು, ಸೋಂಕಿದ್ದರೆ ಅದಕ್ಕೆ ಔಷಧ, ಶುಗರ್ ಹಿಡಿತ. ನಾಳೆಯೇ ವೈದ್ಯರಿಗೆ ತೋರಿಸಿ. ವಾಸನೆ, ಕೀವು, ಸುತ್ತ ಕೆಂಪು, ಕಪ್ಪಾದ ಚರ್ಮ, ಜ್ವರ, ಇವುಗಳಲ್ಲಿ ಯಾವುದಿದ್ದರೂ ನಾಳೆಯವರೆಗೂ ಕಾಯಬೇಡಿ, ಇವತ್ತೇ ಕರೆದುಕೊಂಡು ಹೋಗಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಎಲ್ಲದಕ್ಕೂ ಅನುಮಾನವೇ ಆದರೆ ಪ್ರಕೃತಿಯಿಂದ ಬಂದ ಯಾವುದಾದರೂ ಗಾಯದ ಔಷಧ ಈ ಪರೀಕ್ಷೆಗಳನ್ನೆಲ್ಲ ದಾಟಿದೆಯಾ?

ಉತ್ತರ: ದಾಟಿದೆ. ಬರ್ಚ್ ಮರದ ತೊಗಟೆಯ ಟ್ರೈಟರ್ಪೀನ್‌ಗಳಿಂದ ಮಾಡಿದ ಫಿಲ್ಸುವೆಜ್ ಎಂಬ ಜೆಲ್ ಇದೆ. ಎಪಿಡರ್ಮೊಲೈಸಿಸ್ ಬುಲ್ಲೋಸಾ ಅನ್ನುವ ಕಾಯಿಲೆಯಲ್ಲಿ ಚರ್ಮ ಮುಟ್ಟಿದರೆ ಸುಲಿಯುತ್ತದೆ. ಆ ಗಾಯಗಳಿಗೆ ಇದನ್ನು 2022ರಲ್ಲಿ ಯುರೋಪಿಯನ್ ಒಕ್ಕೂಟ, 2023ರಲ್ಲಿ ಅಮೆರಿಕ ಒಪ್ಪಿದವು. 223 ಜನರ ಮೇಲೆ ನಡೆದ ಮೂರನೇ ಹಂತದ ಪ್ರಯೋಗದಲ್ಲಿ, 45 ದಿನದೊಳಗೆ ಆಯ್ದ ಗಾಯ ಪೂರ್ತಿ ಮುಚ್ಚಿದ್ದು ಔಷಧ ಹಚ್ಚಿದವರಲ್ಲಿ 41.3 ಶೇಕಡಾ ಜನರಿಗೆ. ತೊಗಟೆ ಸಾರವಿಲ್ಲದ ಜೆಲ್ ಹಚ್ಚಿದವರಲ್ಲಿ 28.9 ಶೇಕಡಾ ಜನರಿಗೆ. ಆ ಎರಡನೇ ಅಂಕಿ ನೋಡಿ! ಸಾರವಿಲ್ಲದ ಜೆಲ್ ಹಚ್ಚಿದಾಗಲೂ ನೂರಕ್ಕೆ ಸುಮಾರು ಇಪ್ಪತ್ತೊಂಬತ್ತು ಮಂದಿಯ ಗಾಯ ಮುಚ್ಚಿತು. ಆ ಗುಂಪು ಇಲ್ಲದಿದ್ದರೆ 41.3 ಪೂರ್ತಿಯಾಗಿ ಬರ್ಚ್ ಲೆಕ್ಕಕ್ಕೇ ಹೋಗುತ್ತಿತ್ತು.

ಕಡಲಿನ ಕಡೆಯಿಂದ ಆಲ್ಜಿನೇಟ್ ಪಟ್ಟಿಗಳು ಬಹಳ ಕಾಲದಿಂದ ಬಳಕೆಯಲ್ಲಿವೆ. ಪಟ್ಟಿಯ ಕ್ಯಾಲ್ಸಿಯಂ ಮತ್ತು ಗಾಯದ ದ್ರವದ ಸೋಡಿಯಂ ಜಾಗ ಬದಲಿಸಿಕೊಳ್ಳುತ್ತವೆ, ಪಟ್ಟಿ ಜೆಲ್ ಆಗಿ ದ್ರವ ಹೀರುತ್ತದೆ. ರಕ್ತ ನಿಲ್ಲಿಸುವ ಕೈಟೋಸಾನ್ ಪಟ್ಟಿಗಳಿವೆ. ಕಾಡ್ ಮೀನಿನ ಚರ್ಮವನ್ನೇ ಸಂಸ್ಕರಿಸಿ ಗಾಯದ ಮೇಲೆ ಇಡುತ್ತಾರೆ. ಗಮನಿಸಿ, ಕಡಲಿನಿಂದ ಬಂದು ಗೆದ್ದವುಗಳಲ್ಲಿ ಹೆಚ್ಚಿನವು ಔಷಧಿಯಾಗಿ ಅಲ್ಲ, ಹೊದಿಕೆಯಾಗಿ ಗೆದ್ದಿವೆ. ನನ್ನ ಪ್ರಕಾರ ಪಾಚಿಯವರು ಆ ದಾರಿಯನ್ನೇ ಮೊದಲು ನೋಡುವುದು ಒಳ್ಳೆಯದು. ಕಡಲಿನದೆಲ್ಲ ಉರಿಯೂತ ಇಳಿಸುತ್ತದೆ ಅಂದುಕೊಳ್ಳಲೂಬೇಡಿ. ಕೆಂಪು ಪಾಚಿಯ ಕ್ಯಾರಜೀನನ್ ಅನ್ನು ಇಲಿಯ ಪಾದಕ್ಕೆ ಚುಚ್ಚಿ ಊತ ಬರಿಸುವುದು ಲ್ಯಾಬ್‌ಗಳಲ್ಲಿ ದಿನನಿತ್ಯದ ಕೆಲಸ!

ಪ್ರಶ್ನೆ (ಪಿಎಚ್.ಡಿ. ವಿದ್ಯಾರ್ಥಿ): ಸಾರದಲ್ಲಿ ಎಂಡೊಟಾಕ್ಸಿನ್ (ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯ ವಿಷ) ಇದೆಯಾ ಅಂತ ನೋಡಬೇಕಾ ಮೇಡಂ? ಅದನ್ನು ಪತ್ತೆ ಮಾಡುವ ಎಲ್‌ಎಎಲ್ ಪರೀಕ್ಷೆ ಪಾಸಿಟಿವ್ ಬರುತ್ತಲೇ ಇದೆ.

ಉತ್ತರ: ನೋಡಲೇಬೇಕು. ಎಂಡೊಟಾಕ್ಸಿನ್ ಇದ್ದರೆ ಮ್ಯಾಕ್ರೊಫೇಜ್ ಅನ್ನುವ ರೋಗನಿರೋಧಕ ಕೋಶಗಳು ಕೆರಳುತ್ತವೆ. ನೀವು ಅದನ್ನು 'ಸಾರ ರೋಗನಿರೋಧಕ ಶಕ್ತಿ ಎಬ್ಬಿಸಿತು' ಅಂತ ಬರೆದುಬಿಡುತ್ತೀರಿ. ಆದರೆ ಎಲ್‌ಎಎಲ್‌ಗೆ ಬೀಟಾ ಗ್ಲುಕಾನ್ ಸಿಕ್ಕರೂ ಪಾಸಿಟಿವ್ ಬರುತ್ತದೆ, ಕಂದು ಪಾಚಿಯ ಲ್ಯಾಮಿನಾರಿನ್ ಬೀಟಾ ಗ್ಲುಕಾನೇ. ಲ್ಯಾಬ್‌ನಲ್ಲೇ ತಯಾರಿಸಿದ ಪ್ರೋಟೀನ್ ಬಳಸುವ ರೀಕಾಂಬಿನೆಂಟ್ ಫ್ಯಾಕ್ಟರ್ ಸಿ ಕಿಟ್‌ನಲ್ಲಿ ಆ ಗೊಂದಲ ಇಲ್ಲ. ಎಲ್‌ಎಎಲ್‌ಗೆ ಬೇಕಾಗುವ ಲಿಮ್ಯುಲಸ್ ಏಡಿಯ ರಕ್ತವೂ ಇದಕ್ಕೆ ಬೇಕಾಗಿಲ್ಲ.

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ಕೊನೆಯದು ಮೇಡಂ. ಒಂದೇ ಪ್ಲೇಟಿನ ಆರು ವೆಲ್‌ಗಳಿವೆ. ಎನ್ (ಸ್ವತಂತ್ರವಾಗಿ ಮಾಡಿದ ಪ್ರಯೋಗಗಳ ಸಂಖ್ಯೆ) 6 ಅಂತ ಬರೆಯಬಹುದಾ? ಸೊಪ್ಪು ಮುಗಿದರೆ ಮತ್ತೆ ತಂದು ಮಾಡಿದರೆ ನಡೆಯುತ್ತಾ?

ಉತ್ತರ: ಅದು ಎನ್ 1. ಒಂದೇ ದಿನ, ಒಂದೇ ತಂಡದ ಕೋಶಗಳ ಮೇಲೆ ಆರು ಸಲ ಅಳೆದಿದ್ದೀರಿ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜ್‌ನ (ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದ ಸುತ್ತಿನ) ಕೋಶಗಳಲ್ಲಿ ಕನಿಷ್ಠ ಮೂರು ಸಲ ಮಾಡಿ.

ಹೊಸ ಸೊಪ್ಪು ತಂದರೆ ಅದು ಹೊಸ ಸಾರ. ಎಲೆಯ ವಯಸ್ಸು, ಕೊಯ್ದ ಕಾಲ, ಒಣಗಿಸಿದ ರೀತಿ ಬದಲಾದರೆ ಒಂದೆಲಗದ ಮುಖ್ಯ ವಸ್ತುಗಳಲ್ಲೊಂದಾದ ಏಷಿಯಾಟಿಕೋಸೈಡ್ ಪ್ರಮಾಣವೂ ಬದಲಾಗುತ್ತದೆ. ಎಚ್‌ಪಿಎಲ್‌ಸಿಯಲ್ಲಿ (ಸಾರದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಏಷಿಯಾಟಿಕೋಸೈಡ್, ಮೇಡಿಕ್ಯಾಸೋಸೈಡ್ ಎರಡನ್ನೂ ಪ್ರತಿ ಬ್ಯಾಚ್‌ಗೂ ಅಳೆದಿಡಿ. ಈಗಿರುವ ಗಿಡದ ಒಂದು ಒಣ ಮಾದರಿಯನ್ನು ಹರ್ಬೇರಿಯಂಗೆ (ಒಣ ಗಿಡಗಳ ಸಂಗ್ರಹಾಲಯ) ಕೊಟ್ಟು ಸಂಖ್ಯೆ ಪಡೆಯಿರಿ. ಬ್ರಾಹ್ಮಿ ಅಂತ ಸೆಂಟೆಲ್ಲಾವನ್ನೂ (ಅದೇ ಒಂದೆಲಗ) ಕೊಡುತ್ತಾರೆ, ಬಕೋಪಾ ಅನ್ನುವ ಬೇರೆ ಗಿಡವನ್ನೂ ಕೊಡುತ್ತಾರೆ. ಬಕೋಪಾದಲ್ಲಿ ಏಷಿಯಾಟಿಕೋಸೈಡ್ ಹುಡುಕಿ ಪ್ರಯೋಜನವಿಲ್ಲ. ಸೊಪ್ಪು ಖಾಲಿಯಾಗುವ ಮೊದಲೇ ಈ ಕೆಲಸ ಮುಗಿಸಿ.