ಅಪ್‌ಡೇಟ್: ಮಿನೆಸೋಟಾ ಚಳಿಗೆ ಡೇಲಿಲಿ

ಅಮೆರಿಕದ ಮಿನೆಸೋಟಾದ ನಮ್ಮ ಹಿತ್ತಲಲ್ಲಿ ಡೇಲಿಲಿ ಹೂವಿನ ಗಿಡ ಪ್ರತಿ ಚಳಿಗಾಲಕ್ಕೂ ಸಾಯುತ್ತಿದೆ, ಯಾವ ತಳಿ ಹಾಕಲಿ ಅಂತ ಕೇಳಿದ್ದೆ ಅಲ್ವಾ? ‘ಹಳೇ ಗಿಡದ ಚೀಟಿ ನೋಡಿ’ ಅಂದವರಿಗೆ ಥ್ಯಾಂಕ್ಸ್. ಹುಡುಕಿದರೆ ನನ್ನ ಹಳೇ ಗಿಡ ಎರಡೂ ಎವರ್‌ಗ್ರೀನ್, ಅಂದರೆ ಚಳಿಗಾಲದಲ್ಲೂ ಎಲೆ ಹಸಿರಾಗಿಟ್ಟುಕೊಳ್ಳುವ ತಳಿ! ಇಲ್ಲಿಗೆ ಬೇಕಿದ್ದದ್ದು ಎಲೆ ಒಣಗಿಸಿಕೊಂಡು ಮಲಗುವ ಡಾರ್ಮೆಂಟ್ ತಳಿ. ದಪ್ಪಗೆ ತರಗೆಲೆ ಹೊದಿಸಿ ಅಂದಿದ್ದರು. ಅದನ್ನು ಹೋದ ವರ್ಷವೇ ಮಾಡಿದ್ದೆ, ಬುಡ ಕೊಳೆತು ಮೆತ್ತಗಾಗಿತ್ತು.

ಶನಿವಾರ ಡಾರ್ಮೆಂಟ್ ತಳಿಗಳಾದ ಸ್ಟೆಲ್ಲಾ ಡಿ ಓರೋ, 1924ರ ಹಳೇ ತಳಿ ಹೈಪೀರಿಯನ್ ಎರಡನ್ನೂ ತಂದು, ಬುಡ ಒಂದೇ ಇಂಚು ಮಣ್ಣೊಳಗಿರುವಂತೆ ನೆಟ್ಟೆ. ಮೊಗ್ಗಿದ್ದ ಹೈಪೀರಿಯನ್ ನಿನ್ನೆ ಅರಳಿತು. ನಿಂಬೆ ಹಳದಿ, ಘಮ್ಮೆನ್ನುವ ವಾಸನೆ. ಇವತ್ತು ಒದ್ದೆ ಬಟ್ಟೆ ಹಾಗೆ ಮುದುಡಿದೆ. ಒಂದೇ ದಿನದ ಹೂ, ಗೊತ್ತಿದ್ದೂ ಬೇಜಾರು. ಗೊತ್ತಿರದಿದ್ದದ್ದು ಇದು: ಡೇಲಿಲಿಯನ್ನು ಬೆಕ್ಕು ತಿಂದರೆ ಅದರ ಕಿಡ್ನಿಯೇ ಹೋಗುತ್ತದಂತೆ. ನಮ್ಮ ಬೆಕ್ಕು ಈಗ ಮನೆಯೊಳಗೇ. ಚಳಿಗಾಲ ದಾಟಿದ ಮೇಲೆ ಮತ್ತೆ ಬರೆಯುತ್ತೇನೆ.